ಹನ್ನೆರಡು ಕ್ಯಾರೆಟ್ ಕಲ್ಲು

ಸ್ಕ್ರಾದಿನ್ ದಕ್ಕೆಗೆ ಬಂದು ಕಟ್ಟಿದ ದೋಣಿಗಳಲ್ಲಿ ಎಷ್ಟು ಜಗಳ ನಡೆದಿವೆಯೋ ಅಷ್ಟನ್ನೂ ಬಿಡಿಸಿದವಳು ನಾನೇ. ಐವತ್ತು ವರ್ಷದಿಂದ ಈ ಕಿಟಕಿಯಲ್ಲಿ ಕೂತು ಅಣ್ಣ-ತಮ್ಮ, ಗಂಡ-ಹೆಂಡತಿ, ಜರ್ಮನಿಯವ-ಇಟಲಿಯವ, ಎಲ್ಲರನ್ನೂ ರಾಜಿ ಮಾಡಿಸಿ ಕಳಿಸಿದ್ದೇನೆ. ಇದರಲ್ಲಿ ಅರ್ಧ ಸುಳ್ಳು. ಬಿಡಿಸಿದ್ದು ಅರ್ಧ, ಇನ್ನರ್ಧ ಹಚ್ಚಿದ್ದೂ ನಾನೇ. ಆದರೆ ವಿಂಕಾ ಮತ್ತು ಅವಳ ಮೈದುನ ಗಾಶ್ಪರನ ಜಗಳ ಮಾತ್ರ ನನ್ನ ಕೈಗುಣದ್ದಲ್ಲ. ಅದು ಸಮುದ್ರದಲ್ಲೇ ಹೊತ್ತಿಕೊಂಡು, ಉರಿಯುತ್ತಲೇ ನದಿಗೆ ಬಂತು.

ಹೋದ ಆಗಸ್ಟ್ ಒಂದನೇ ತಾರೀಖು. ಮಧ್ಯಾಹ್ನದ ಕಡಲಗಾಳಿ ಬೆನ್ನಿಗೆ ಬಿದ್ದ ಹೊತ್ತಿನಲ್ಲಿ ದ್ವೀಪದ ಬೇತಿನಾ ಊರಿನ ಹಳೆಯ ಮರದ ಹಾಯಿದೋಣಿಯೊಂದು ಪ್ರೊಕ್ಲ್ಯಾನ್ ಸರೋವರ ದಾಟಿ ಕೃಕಾ ನದಿಯ ಕೊರಳೊಳಗೆ ನುಗ್ಗಿತು. ದೋಣಿಯ ಹೆಸರು ಪೆರಿನಾ. ಅದು ವಿಂಕಾಳ ಅತ್ತೆಯ ಹೆಸರು. ಅತ್ತೆ ಬದುಕಿದ್ದಷ್ಟು ದಿನ ಸೊಸೆಯ ತಲೆಯ ಮೇಲೆ ಕೂತಿದ್ದಳು. ಸತ್ತ ಮೇಲೆ ಸೊಸೆ ಅವಳ ಮೇಲೆ ಕೂತು ತಿರುಗುತ್ತಿದ್ದಳು. ಲೆಕ್ಕ ಚುಕ್ತಾ ಆಗಿತ್ತು.

"ಪೆರಿನಾ, ಆ ಹಾಯಿ ಹಗ್ಗ ಸ್ವಲ್ಪ ಸಡಿಲ ಬಿಡು ಅಂತ ಆ ಪ್ರಾಣಿಗೆ ಹೇಳು," ಅಂದಳು ಚುಕ್ಕಾಣಿ ಹಿಡಿದಿದ್ದ ವಿಂಕಾ.

"ಪೆರಿನಾ, ಹಗ್ಗ ಸಡಿಲಾನೇ ಇದೆ, ಬಿಗಿ ಇರೋದು ಇವರ ದವಡೆ ಅಂತ ತಿಳಿಸು," ಅಂದ ಹಾಯಿಕಂಬದ ಬುಡದಲ್ಲಿ ಕೂತಿದ್ದ ಗಾಶ್ಪರ್.

ಹನ್ನೊಂದು ವರ್ಷದಿಂದ ಇಬ್ಬರೂ ಮಾತಾಡುತ್ತಿದ್ದುದು ಹೀಗೆಯೇ, ದೋಣಿಯ ಮುಖಾಂತರ. ವಿಂಕಾಳ ಗಂಡ ಯೆರೊಲಿಮ್ ಸತ್ತ ಏಳನೇ ದಿನ ಈ ತಮ್ಮ ಅವಳ ಮನೆಗೆ ಬಂದು, ಸುತ್ತಿ ಗೋಡೆಗೆ ತೂಗುಹಾಕಿದ್ದ ಹಾಯಿಯನ್ನು ಇಳಿಸಿಕೊಂಡು, "ಹೆಂಗಸಿಗೆ ಹಾಯಿ ಯಾಕೆ, ಒಲೆ ಮುಚ್ಚೋಕಾ?" ಎಂದಿದ್ದ. ಅವಳು ಹಾಯಿಯ ಇನ್ನೊಂದು ತುದಿ ಹಿಡಿದಳು. ಇಬ್ಬರೂ ಎಳೆದರು. ಹಾಯಿ ನಡುವೆ ಹರಿಯಿತು. ಆಮೇಲೆ ಅವಳೇ ಹೊಲಿದಳು, ಆದರೆ ಮಾತನ್ನು ಹೊಲಿಯಲಿಲ್ಲ.

ಮಾತು ಬಿಟ್ಟರೂ ದೋಣಿ ಬಿಡುವ ಹಾಗಿರಲಿಲ್ಲ. ಚಿನ್ನಕ್ಕೆ ಇರುವಂತೆ ನಮ್ಮ ಕಡೆ ದೋಣಿಗೂ ಇಪ್ಪತ್ತನಾಲ್ಕು ಕ್ಯಾರೆಟ್. ಹಂಚಿಕೊಳ್ಳುವುದು ಹಾಗೆಯೇ. ಕೆಲವರಿಗೆ ಎಂಟು, ಕೆಲವರಿಗೆ ಮೂರು. ಒಂದೇ ಒಂದು ಕ್ಯಾರೆಟ್ ಇಟ್ಟುಕೊಂಡು ವರ್ಷಕ್ಕೊಮ್ಮೆ ದೋಣಿಯ ಮೂತಿ ಸವರಿ ಹೋಗುವವರೂ ಇದ್ದಾರೆ. ಪೆರಿನಾಳಲ್ಲಿ ವಿಂಕಾಳಿಗೆ ಹನ್ನೆರಡು, ಗಾಶ್ಪರನಿಗೆ ಹನ್ನೆರಡು. ಒಬ್ಬರು ಒಪ್ಪದೆ ಇನ್ನೊಬ್ಬರು ಮಾರುವಂತಿಲ್ಲ, ಒಬ್ಬರು ಬಾರದೆ ಇನ್ನೊಬ್ಬರು ದೂರ ಒಯ್ಯುವಂತಿಲ್ಲ.

ಆ ವರ್ಷ ವಸಂತದಲ್ಲಿ ದೋಣಿಗೆ ಹುಳ ಹಿಡಿಯಿತು. ಉಪ್ಪುನೀರಿನಲ್ಲಿ ಇರುವ ಮರಕೊರಕ ಹುಳ, ಬಿಳಿ ಶ್ಯಾವಿಗೆಯಂತಹದ್ದು, ಹೊರಗಿನಿಂದ ಸೂಜಿಮೊನೆಯಷ್ಟು ತೂತು, ಒಳಗೆಲ್ಲ ಸುರಂಗ. ಬೇತಿನಾದ ದೋಣಿ ಕಟ್ಟುವ ಬಾರಿಶಾ ಮೇಸ್ತ್ರಿ ದೋಣಿಯ ಬೆನ್ನೆಲುಬಿನಂತಹ ಅಡಿಮರಕ್ಕೆ ಕಿವಿಯಿಟ್ಟು, ಬೆರಳಿನಿಂದ ಕುಟ್ಟಿ, "ಅಡಿಮರದಲ್ಲಿ ಹುಳ ಸತ್ತರೆ ಇನ್ನೂ ಇಪ್ಪತ್ತು ವರ್ಷ ಓಡ್ತಾಳೆ. ಸಾಯದಿದ್ದರೆ ಕ್ರಿಸ್‌ಮಸ್ ನೋಡಲ್ಲ," ಎಂದ.

ಗಾಶ್ಪರನಿಗೆ ಇದೇ ಬೇಕಿತ್ತು. ಅವನಿಗೆ ಮೋಟಾರು ದೋಣಿ ಇತ್ತು. ಒಬ್ಬ ಹೋಟೆಲಿನವನು ಪೆರಿನಾಳನ್ನು ಕೊಂಡು ಬಾಗಿಲ ಮುಂದೆ ನಿಲ್ಲಿಸಿ, ಒಳಗೆ ಐಸು ತುಂಬಿ, ಮೇಲೆ ಮೀನು ಜೋಡಿಸುತ್ತೇನೆ ಎಂದಿದ್ದ. ವಿಂಕಾಳಿಗೆ ಇದ್ದದ್ದು ಝೂತ್ ದ್ವೀಪದಲ್ಲಿ ನಲವತ್ತು ಆಲಿವ್ ಮರ. ಅಲ್ಲಿಗೆ ರಸ್ತೆ ಇಲ್ಲ, ದೋಣಿಯೇ ದಾರಿ. ಪೆರಿನಾ ಹೋದರೆ ಪ್ರತಿ ಸುಗ್ಗಿಗೂ ಗಾಶ್ಪರನ ಬಾಗಿಲಿಗೆ ಹೋಗಿ, "ನನ್ನನ್ನೂ ಕರ್ಕೊಂಡು ಹೋಗಪ್ಪ," ಎನ್ನಬೇಕು. ಅದಕ್ಕಿಂತ ನಲವತ್ತು ಮರವನ್ನೂ ಹಲ್ಲಿನಲ್ಲಿ ಕಡಿದು ಹಾಕುವುದು ಲೇಸು ಎಂದುಕೊಂಡಿದ್ದಳು.

ಮೇಸ್ತ್ರಿಯ ಎದುರಿಗೆ ಪಂಥವಾಯಿತು. ಹಿಂದಿನವರು ಮಾಡುತ್ತಿದ್ದಂತೆ ದೋಣಿಯನ್ನು ಕೃಕಾ ಜಲಪಾತದ ಕೆಳಗಿನ ಸಿಹಿನೀರಿಗೆ ಒಯ್ದು ನಲವತ್ತು ದಿನ ನಿಲ್ಲಿಸುವುದು. ಉಪ್ಪಿನ ಹುಳ ಸಿಹಿನೀರಲ್ಲಿ ಬದುಕದು. ನಲವತ್ತನೇ ದಿನ ಮೇಸ್ತ್ರಿ ಬಂದು ಅಡಿಮರ ಕೊರೆದು ನೋಡಬೇಕು. ಒಂದೇ ಒಂದು ಜೀವಂತ ಹುಳ ಸಿಕ್ಕರೂ ವಿಂಕಾಳ ಹನ್ನೆರಡು ಕ್ಯಾರೆಟ್ ಗಾಶ್ಪರನಿಗೆ. ಒಂದೂ ಸಿಗದಿದ್ದರೆ ಗಾಶ್ಪರನ ಹನ್ನೆರಡು ಅವಳಿಗೆ.

ಹೀಗೆ ಬಂದವರು ಸ್ಕ್ರಾದಿನ್ ಸೇತುವೆಯ ಹತ್ತಿರ ಹಾಯಿ ಇಳಿಸುವಷ್ಟರಲ್ಲಿ ಉದ್ಯಾನದ ಕಾವಲುಗಾರ ಎದುರಾದ.

"ಸೇತುವೆ ದಾಟೋ ಹಾಗಿಲ್ಲಮ್ಮ. ಮುಂದೆ ರಾಷ್ಟ್ರೀಯ ಉದ್ಯಾನ. ಖಾಸಗಿ ದೋಣಿಗೆ ಪ್ರವೇಶ ಇಲ್ಲ."

"ನಮ್ಮಜ್ಜ ಜಲಪಾತದ ಬುಡಕ್ಕೇ ದೋಣಿ ಕಟ್ತಿದ್ದ."

"ನಿಮ್ಮಜ್ಜನ ಕಾಲದಲ್ಲಿ ನಾನಿರಲಿಲ್ಲ."

"ಅದಕ್ಕೇ ಕಾಲ ಚೆನ್ನಾಗಿತ್ತು."

"ನೋಡಬೇಕು ಅಂದ್ರೆ ಟಿಕೆಟ್ ತಗೊಳ್ಳಿ, ನಮ್ಮ ದೋಣೀಲಿ ಕರ್ಕೊಂಡು ಹೋಗ್ತೀವಿ."

"ಹಾಗಾದ್ರೆ ಇವಳಿಗೂ ಒಂದು ಟಿಕೆಟ್ ಹರಿ. ನಮ್ಮತ್ತೆ. ಎಂಬತ್ತು ವರ್ಷ. ವಯಸ್ಸಾದೋರಿಗೆ ರಿಯಾಯಿತಿ ಇರಬೇಕಲ್ಲ," ಎಂದಳು ವಿಂಕಾ, ದೋಣಿಯ ಅಂಚು ತಟ್ಟಿ.

ಗಾಶ್ಪರನಿಗೆ ನಗು ಬಂತು. ನಕ್ಕರೆ ಸೋತ ಹಾಗೆ ಎಂದು ಅದನ್ನು ಕೆಮ್ಮಾಗಿ ತಿರುಗಿಸಿದ.

ಕೊನೆಗೆ ದೋಣಿಯನ್ನು ಸೇತುವೆಯ ಈಚೆಗೆ, ನನ್ನ ಕಿಟಕಿಯ ಕೆಳಗೆ ಕಟ್ಟಿದರು. ಗಾಶ್ಪರ್ ದೋಣಿಯಲ್ಲೇ ಮಲಗಿದ. ವಿಂಕಾ ನನ್ನ ಹಿತ್ತಲ ಕೋಣೆ ಹಿಡಿದಳು. ಇಬ್ಬರಲ್ಲಿ ಯಾರೂ ಊರಿಗೆ ಹೋಗಲೊಲ್ಲರು. ತಾನು ಹೋದರೆ ಇನ್ನೊಬ್ಬರು ಏನಾದರೂ ಕಿತಾಪತಿ ಮಾಡಿಯಾರು ಎಂಬ ಭಯ.

ದಿನಾ ಬೆಳಿಗ್ಗೆ ವಿಂಕಾ ದಕ್ಕೆಗಿಳಿದು, ದೋಣಿಯ ಪಕ್ಕದ ನೀರನ್ನು ಬೊಗಸೆಯಲ್ಲಿ ಎತ್ತಿ ಬಾಯಿಗೆ ಹಾಕಿಕೊಂಡು ಉಗಿಯುತ್ತಿದ್ದಳು. ಸಿಹಿ. ಹಿಮ ಕರಗಿ ಬಂದಂತೆ ಸಿಹಿ. "ಪೆರಿನಾ, ಕೇಳು, ಹುಳಗಳು ಅಳ್ತಿವೆ," ಎನ್ನುತ್ತಿದ್ದಳು. ಗಾಶ್ಪರ್ ಒಣ ಅಂಜೂರ ಜಗಿಯುತ್ತ, "ಪೆರಿನಾ, ಅಳೋರು ಯಾರು ಅಂತ ನಲವತ್ತನೇ ದಿನ ನೋಡೋಣ," ಎಂದು ಮಾತ್ರ ಹೇಳುತ್ತಿದ್ದ. ಅವನ ಮುಖದಲ್ಲಿ ಒಂದು ನೆಮ್ಮದಿ ಇತ್ತು. ಬೇಲಿ ಹಾರಿ ಒಳಗೆ ಹೋದ ಮೇಕೆಯ ನೆಮ್ಮದಿ. ವಿಂಕಾಳಿಗೆ ಅದು ಕಾಣದೆ ಇರಲಿಲ್ಲ. ಆದರೆ ಅದಕ್ಕೆ ಅರ್ಥ ಹಚ್ಚಲು ಅವಳಿಗೆ ಆಗಲಿಲ್ಲ.

ಇಪ್ಪತ್ತೆರಡನೇ ದಿನ ನಾನೇ ಅವಳನ್ನು ದಬ್ಬಿದೆ. "ಅವನ ಮೂತಿ ನೋಡಿ ನೋಡಿ ನಿನ್ನ ಕಣ್ಣು ಹುಳಿಯಾಗಿದೆ. ಹೋಗಿ ಜಲಪಾತನಾದ್ರೂ ನೋಡ್ಕೊಂಡು ಬಾ. ದೋಣಿ ನಾನು ಕಾಯ್ತೀನಿ."

ಟಿಕೆಟ್ ತೆಗೆದುಕೊಂಡು ಉದ್ಯಾನದ ದೋಣಿಯಲ್ಲಿ ಹೋದಳು. ಸುತ್ತ ಟೋಪಿ, ಕ್ಯಾಮೆರಾ, ಐಸ್‌ಕ್ರೀಮ್ ಮೆತ್ತಿದ ಮಕ್ಕಳು. ಎಲ್ಲರ ನಡುವೆ ಇವಳೊಬ್ಬಳು ಕರಿಬಟ್ಟೆ ಉಟ್ಟು, ಮೊಣಕೈ ಚೂಪು ಮಾಡಿಕೊಂಡು ನಿಂತಿದ್ದಳು. ಜಲಪಾತದ ಮುಂದಿನ ಮರದ ಸೇತುವೆಗೆ ಬಂದಾಗ ಅವಳ ಹುಬ್ಬು ಗಂಟಾಯಿತು. ಮದುವೆಯಾದ ವರ್ಷ ಯೆರೊಲಿಮ್ ಜೊತೆ ಬಂದಾಗ ಇದೇ ನೀರು ಹದಿನೇಳು ಮೆಟ್ಟಿಲ ಮೇಲಿಂದ ಗೂಳಿಗಳ ಹಿಂಡಿನಂತೆ ಇಳಿಯುತ್ತಿತ್ತು. ಮಾತಾಡಿದರೆ ಕಿವಿಗೆ ಬಾಯಿಟ್ಟು ಕೂಗಬೇಕಿತ್ತು. ಈಗ ಅರ್ಧ ಮೆಟ್ಟಿಲು ಒಣಗಿ, ಪಾಚಿ ಕಂದಾಗಿ, ನೀರು ಮುದುಕಿಯ ಜಡೆಯಷ್ಟು ತೆಳ್ಳಗೆ ಜೋತುಬಿದ್ದಿತ್ತು.

"ನೀರು ಎಲ್ಲಿ ಹೋಯ್ತು?" ಅಲ್ಲಿ ನಿಂತಿದ್ದ ಹಳೆ ಗಿರಣಿಯ ಹೆಂಗಸನ್ನು ಕೇಳಿದಳು.

"ಮೇಲೆ ಬೆಟ್ಟದಲ್ಲಿ ಮಳೆ ಇಲ್ಲ. ಜೂನಿಂದ ಒಂದು ಹನಿ ಇಲ್ಲ. ಸುಮ್ಮನೆ ಚಿತ್ರ ತೆಗೆಯೋಕೆ ಬಿಟ್ಟ ಹಾಗೆ ಬೀಳ್ತಿದೆ."

ವಿಂಕಾ ಹಣ ದಂಡವಾಯಿತೆಂದು ಬೈದುಕೊಳ್ಳುತ್ತ ಮರಳಿದಳು. ದಕ್ಕೆಯಲ್ಲಿ ಇಳಿದಾಗ ನನ್ನ ನಾದಿನಿಯ ಮಗ ಲ್ಯೂಬೊ ತನ್ನ ಚಿಪ್ಪಿನ ಬೆಳೆಯ ಹಗ್ಗಗಳನ್ನು ದೋಣಿಯಿಂದ ದಕ್ಕೆಗೆ ಎಳೆದು ಹಾಕುತ್ತಿದ್ದ. ಸರೋವರದಲ್ಲಿ ಹಗ್ಗ ಇಳಿಬಿಟ್ಟು ಕಪ್ಪು ಚಿಪ್ಪುಗಳನ್ನು ಬೆಳೆಸುವುದು ಅವನ ಕಸುಬು. ವಿಂಕಾ ಸುಮ್ಮನೆ ದಾಟಿ ಹೋಗುವವಳು, ನಿಂತಳು. ಹಗ್ಗದ ಮೇಲಿನ ಒಂದು ಮೊಳ ಬೋಳು. ಅದರ ಕೆಳಗೆ ದ್ರಾಕ್ಷಿ ಗೊಂಚಲಿನಂತೆ ಚಿಪ್ಪೋ ಚಿಪ್ಪು.

"ಮೇಲೆ ಯಾಕೋ ಬೋಳು?"

"ಮೇಲೆ ಸಿಹಿನೀರಲ್ವಾ ಚಿಕ್ಕಮ್ಮ, ಅದರಲ್ಲಿ ಬದುಕಲ್ಲ."

"ಕೆಳಗೆ?"

"ಕೆಳಗೆ ಉಪ್ಪು. ನದಿ ನೀರು ಹಗುರ, ಸಮುದ್ರದ ಮೇಲೆ ಕೆನೆ ಹಾಗೆ ತೇಲುತ್ತೆ. ಮಳೆಗಾಲದಲ್ಲಿ ಎರಡಾಳು ದಪ್ಪ ಕೆನೆ. ಈ ವರ್ಷ ನೋಡಿ, ಒಂದು ಮೊಳ."

"ಸರೋವರದಲ್ಲಿ. ಇಲ್ಲಿ ದಕ್ಕೇಲಿ?"

"ಇಲ್ಲೂ ಅಷ್ಟೇ. ಜಲಪಾತದ ಬುಡದವರೆಗೂ ಕೆಳಗೆ ಸಮುದ್ರಾನೇ ಮಲಗಿರೋದು. ಇದು ಸ್ಕ್ರಾದಿನ್ ಕೂಸಿಗೂ ಗೊತ್ತು."

ಸ್ಕ್ರಾದಿನ್ ಕೂಸಿಗೆ ಗೊತ್ತಿದ್ದದ್ದು ಬೇತಿನಾದ ಅರವತ್ತು ವರ್ಷದ ಹೆಂಗಸಿಗೆ ಗೊತ್ತಿರಲಿಲ್ಲ. ದ್ವೀಪದವರ ಪಾಲಿಗೆ ನದಿ ಎಂದರೆ ತಳದವರೆಗೂ ನದಿ. ಇಪ್ಪತ್ತೆರಡು ದಿನ ಕೆನೆ ನೆಕ್ಕಿ ಹಾಲು ಸಿಹಿ ಎಂದುಕೊಂಡಿದ್ದಳು.

ಅವಳು ಹಗ್ಗದ ಬೋಳು ಭಾಗವನ್ನು ಕೈಯಲ್ಲಿ ಅಳೆದಳು. ಹಾಗೇ ಅಳತೆ ಹಿಡಿದುಕೊಂಡು ಪೆರಿನಾಳ ಬಳಿ ನಡೆದು, ನೀರಿಗೆ ತೋಳಿಳಿಸಿ ಅಡಿಮರ ಮುಟ್ಟಿದಳು. ಮೊಳ ಮುಗಿದ ಮೇಲೂ ನಾಲ್ಕೈದು ಬೆರಳಷ್ಟು ಮರ ಕೆಳಗಿತ್ತು, ಉಪ್ಪಿನೊಳಗೆ. ಯಾಕೆಂದರೆ ದೋಣಿಯ ಹೊಟ್ಟೆಯಲ್ಲಿ ಕಲ್ಲಿತ್ತು. ಹಾಯಿ ಹಾಕುವಾಗ ದೋಣಿ ಮಗುಚದಿರಲಿ ಎಂದು ತುಂಬುವ ಭಾರದ ಕಲ್ಲು, ಇಪ್ಪತ್ತನಾಲ್ಕು. ಬರುವಾಗ ತುಂಬಿಸಿದವಳು ಅವಳೇ. ಇಳಿಸಲು ಮರೆತವಳೂ ಅವಳೇ.

ಗಾಶ್ಪರ್ ಚಾಪೆಯ ಮೇಲೆ ಒರಗಿ ಸಾರ್ಡೀನ್ ಮೀನಿನ ಮುಳ್ಳು ಬಿಡಿಸುತ್ತಿದ್ದ.

"ಪೆರಿನಾ," ವಿಂಕಾಳ ದನಿ ತಣ್ಣಗಿತ್ತು, "ಕೆಳಗೆ ಉಪ್ಪಿದೆ ಅಂತ ಇವನಿಗೆ ಗೊತ್ತಿತ್ತಾ?"

"ಪೆರಿನಾ, ಮೂವತ್ತು ವರ್ಷ ಈ ನದೀಲಿ ಮೀನು ಹಿಡಿದೋನಿಗೆ ಗೊತ್ತಿರಲ್ವಾ ಅಂತ ಕೇಳು."

"ಪೆರಿನಾ, ಗೊತ್ತಿದ್ದೂ ಕಲ್ಲಿಳಿಸು ಅಂತ ಇವನು ಬಾಯಿ ಬಿಡಲಿಲ್ವಾ?"

"ಹೇಳೋಣ ಅಂದ್ರೆ ಮಾತು ಬಿಟ್ಟಿದ್ದಾರೆ ನಮ್ಮತ್ತಿಗೆ. ಮಾತಾಡದೋರಿಗೆ ನಾನು ಹೆಂಗೆ ಹೇಳಲಿ? ಮರ್ಯಾದೆ ಅಂತ ಒಂದಿಲ್ವಾ?"

ವಿಂಕಾ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಬ್ಬವಾಗುತ್ತಿತ್ತು. ಸೆರಗಿನಂತಿದ್ದ ತಲೆವಸ್ತ್ರ ಬಿಚ್ಚಿ ಸೊಂಟಕ್ಕೆ ಬಿಗಿದು ದೋಣಿಗೆ ಇಳಿದು ಒಂದು ಕಲ್ಲಿಗೆ ಕೈ ಹಾಕಿದಳು.

"ಪೆರಿನಾ, ಕಲ್ಲು ದೋಣಿಯ ಆಸ್ತಿ. ನನ್ನ ಒಪ್ಪಿಗೆ ಇಲ್ಲದೆ ಇಳಿಸೋ ಹಾಗಿಲ್ಲ ಅಂತ ಹೇಳು."

"ಕಲ್ಲು ಇಪ್ಪತ್ತನಾಲ್ಕು. ನನ್ನವು ಹನ್ನೆರಡು," ಎಂದಳು ವಿಂಕಾ. "ಬಲಗಡೇದು ನನ್ನವು. ಎಡಗಡೇದು ಅವನವು. ಅವನ ಕಲ್ಲನ್ನ ನಾನು ಮುಟ್ಟಲ್ಲ. ಅವು ಅವನ ಎದೆ ಮೇಲೇ ಇರಲಿ."

ಹನ್ನೆರಡೇ ಕಲ್ಲು. ಒಂದೊಂದೂ ಕುರಿಯಷ್ಟು ತೂಕ ಎಂದರೆ ನಂಬಿ, ಎತ್ತಿನಷ್ಟು ಎಂದರೆ ನನ್ನನ್ನು ನಂಬಬೇಡಿ. ಒಂದೊಂದನ್ನೂ ಹೊಟ್ಟೆಗೆ ಅಪ್ಪಿಕೊಂಡು ದಕ್ಕೆಗೆ ಹೊತ್ತಳು. ಯಾರಾದರೂ ನೆರವಿಗೆ ಬಂದರೆ ಮೊಣಕೈಯಲ್ಲಿ ತಿವಿದಳು. ಹೊತ್ತು ಮುಳುಗುವಷ್ಟರಲ್ಲಿ ಪೆರಿನಾ ಬಲಗಡೆ ಮೇಲೆದ್ದು, ಎಡಗಡೆಗೆ ವಾಲಿ, ಮೂತಿ ಓರೆ ಮಾಡಿದ ಮುದುಕಿಯಂತೆ ನಿಂತಳು. ಅಡಿಮರ ಮೂರು ಬೆರಳು ಮೇಲೆ ಬಂತು.

ಗಾಶ್ಪರನ ಚಾಪೆ ಜಾರಿತು. ಮೀನಿನ ತಟ್ಟೆ ಜಾರಿತು. ಅವನೂ ಜಾರಿದ. ತನ್ನ ಆರು ಕಲ್ಲನ್ನು ಈಚೆಗೆ ಸರಿಸಿದ್ದರೆ ದೋಣಿ ನೆಟ್ಟಗಾಗುತ್ತಿತ್ತು. ಆದರೆ ಅವನು, "ನನ್ನ ಕಲ್ಲನ್ನ ಅವರ ಜಾಗದಲ್ಲಿ ಇಡ್ಲಾ? ನಾಳೆ ಅದೂ ತನ್ನದು ಅಂದಾರು," ಎಂದು ಇಳಿಜಾರಿನಲ್ಲೇ, ಪಕ್ಕೆಗೆ ಹಗ್ಗದ ಸುರುಳಿ ಆನಿಸಿಕೊಂಡು ಮಲಗಿದ. ಬೆಳಿಗ್ಗೆ ಎದ್ದಾಗ ಕತ್ತು ದೋಣಿ ವಾಲಿದ ಕಡೆಗೇ ವಾಲಿತ್ತು. ಇಡೀ ವಾರ ಹಾಗೆಯೇ ಊರೆಲ್ಲ ತಿರುಗಿದ, ರೊಟ್ಟಿ ಅಂಗಡಿಯವಳು, "ಯಾಕಪ್ಪ, ನನ್ನನ್ನ ಹಾಗೆ ಓರೆಗಣ್ಣಲ್ಲಿ ನೋಡ್ತೀಯ?" ಎಂದು ಜಗಳಕ್ಕೆ ನಿಂತಳು.

ಸೋಲೊಪ್ಪುವ ಜಾತಿಯಲ್ಲ ಅವನು. ಮಾರನೇ ವಾರದಿಂದ ಪ್ರತಿ ಸಂಜೆ ಊರಿನ ನಾಲ್ವರು ದಡಿಯರನ್ನು ಇಸ್ಪೀಟಿಗೆ ಕರೆದ. ಒಬ್ಬೊಬ್ಬನೂ ಎರಡು ಪೀಪಾಯಿ ಸುತ್ತಳತೆ. ಅವರು ಹತ್ತಿದೊಡನೆ ಪೆರಿನಾ ನಿಟ್ಟುಸಿರು ಬಿಟ್ಟು ಕೆಳಗಿಳಿದಳು. ವೈನೂ, ಒಣ ಹಂದಿಮಾಂಸವೂ ಅವನದೇ. ವಿಂಕಾ ದಕ್ಕೆಯ ಕಲ್ಲಿನ ರಾಶಿಯ ಮೇಲೆ ಕೂತು ಕಾಲುಚೀಲ ಹೆಣೆಯುತ್ತ, ಅವರು ಎಷ್ಟು ಹೊತ್ತು ಕೂರುತ್ತಾರೆಂದು ಚರ್ಚಿನ ಗಂಟೆಯಲ್ಲಿ ಎಣಿಸುತ್ತಿದ್ದಳು. ಆದರೆ ದೋಣಿ ವಾಲಿತ್ತಲ್ಲ. ಹಾಕಿದ ಎಲೆಯೆಲ್ಲ ಜಾರಿ ಜಾರಿ ಗಾಶ್ಪರನ ತೊಡೆಗೆ ಬರುತ್ತಿತ್ತು. ಐದನೇ ಸಂಜೆ ದಡಿಯರಲ್ಲಿ ಒಬ್ಬ ಅವನನ್ನು ಕಳ್ಳ ಎಂದ. ಇನ್ನೊಬ್ಬ ವೈನಿನ ಲೋಟ ನೀರಿಗೆ ಎಸೆದ. ಆರನೇ ಸಂಜೆ ಯಾರೂ ಬರಲಿಲ್ಲ.

"ಪೆರಿನಾ, ಇವನ ಜೊತೆ ಕೂರೋಕೆ ಈಗ ಕಲ್ಲು ಮಾತ್ರ ಉಳಿದ್ವು," ಎಂದಳು ವಿಂಕಾ.

ಸೆಪ್ಟೆಂಬರ್ ಮೂರನೇ ತಾರೀಖು ಬೆಟ್ಟದ ಮೇಲೆ ಗುಡುಗಿತು. ಸ್ಕ್ರಾದಿನ್ನಲ್ಲಿ ನಾಲ್ಕು ಹನಿ ಬಿತ್ತು ಅಷ್ಟೇ, ಆದರೆ ಮೇಲೆ ಎರಡು ದಿನ ಸುರಿಯಿತು. ಐದನೇ ತಾರೀಖು ಜಲಪಾತದ ಸದ್ದು ಊರಿನವರೆಗೆ ಕೇಳಿತು. ನದಿ ಕೆಂಪಗೆ, ಎಲೆ ಕಡ್ಡಿ ಹೊತ್ತು ಬಂತು. ಲ್ಯೂಬೊ ಬಂದು ಹಗ್ಗ ಇಳಿಸಿ ನೋಡಿ, "ಕೆನೆ ಈಗ ಒಂದಾಳು," ಎಂದ. ಪೆರಿನಾ ಮೇಲಿಂದ ಕೆಳಗಿನವರೆಗೆ ಸಿಹಿನೀರಲ್ಲಿ ಮುಳುಗಿದಳು. ವಿಂಕಾ ಅಂದು ಮೊದಲ ಬಾರಿಗೆ ಹೊಟ್ಟೆ ತುಂಬ ಉಂಡಳು. ಗಾಶ್ಪರ್ ಉಣ್ಣಲಿಲ್ಲ. ಆದರೆ ಇಬ್ಬರಿಗೂ ಒಂದು ಮಾತು ಗೊತ್ತಿತ್ತು: ಸಿಹಿನೀರು ತಗುಲಿದೊಡನೆ ಈ ಹುಳ ಬಾಗಿಲು ಹಾಕಿಕೊಳ್ಳುತ್ತದೆ. ಒಳಗೆ ಉಸಿರು ಹಿಡಿದು ವಾರ, ಹತ್ತು ದಿನ, ಕೆಲವು ಹಟಮಾರಿಗಳು ಮೂರು ವಾರ ಕೂರುತ್ತವೆ. ನಲವತ್ತು ದಿನ ಎಂದು ಹಿಂದಿನವರು ಇಟ್ಟದ್ದು ಅದಕ್ಕೇ. ಅಡಿಮರದ ಕೊನೆಯ ಎರಡು ಬೆರಳಿಗೆ ಈಗ ಸಿಕ್ಕಿದ್ದು ಬರೀ ಐದಾರು ದಿನ.

ಬಾರಿಶಾ ಮೇಸ್ತ್ರಿ ನಲವತ್ತನೇ ದಿನ ಹೇಳಿದ ಹೊತ್ತಿಗೆ ಬೈರಿಗೆ ಹಿಡಿದು ಬಂದ. ಲ್ಯೂಬೊನ ಇಳಿಜಾರು ಕಟ್ಟೆಗೆ ಪೆರಿನಾಳನ್ನು ಎಳೆದು ಮಗ್ಗುಲಿಗೆ ಮಲಗಿಸಿದರು. ಅರ್ಧ ಊರು ನೆರೆಯಿತು. ಇಡೀ ಊರು ಎಂದರೂ ತಪ್ಪಿಲ್ಲ. ದಡಿಯರೂ ಬಂದಿದ್ದರು, ಗಾಶ್ಪರ್ ಸೋಲುವುದನ್ನು ನೋಡಲು.

ಮೊದಲ ತೂತು ಪಕ್ಕದ ಹಲಗೆಗೆ. ಕಂದು ಲೋಳೆ ಬಂತು, ಕೊಳೆತ ವಾಸನೆ. "ಸತ್ತಿವೆ," ಎಂದ ಮೇಸ್ತ್ರಿ. ಎರಡನೇ ತೂತು ಅಡಿಮರದ ಮೇಲ್ಭಾಗಕ್ಕೆ. ಅದೇ ಲೋಳೆ. "ಸತ್ತಿವೆ."

"ಕೆಳತುದಿ," ಎಂದ ಗಾಶ್ಪರ್.

"ನನಗೆ ಕಸುಬು ಕಲಿಸಬೇಡ," ಎಂದ ಮೇಸ್ತ್ರಿ. ಆದರೂ ಕೆಳತುದಿಗೇ ಬೈರಿಗೆ ಇಟ್ಟ. ಮರದ ಸಿಪ್ಪೆ ಸುರುಳಿ ಸುರುಳಿಯಾಗಿ ಬಂತು, ಆಮೇಲೆ ಒದ್ದೆ ಹಿಟ್ಟು. ಬೈರಿಗೆ ನಿಲ್ಲಿಸಿ, ಉಳಿಯಿಂದ ಸೀಳಿ, ಎರಡು ಬೆರಳಿನಲ್ಲಿ ಒಂದು ಹುಳವನ್ನು ಉದ್ದಕ್ಕೆ, ನಿಧಾನಕ್ಕೆ ಎಳೆದ. ಬೆಳ್ಳಗಿತ್ತು. ಕೊಳೆತಿರಲಿಲ್ಲ. ಅಂಗೈ ಮೇಲಿಟ್ಟರೆ ಅಲುಗಲಿಲ್ಲ.

"ಸತ್ತಿದೆ," ಎಂದಳು ವಿಂಕಾ.

"ಮಲಗಿದೆ," ಎಂದ ಗಾಶ್ಪರ್.

"ಬಾಯಿ ಮುಚ್ಚಿ ಇಬ್ರೂ," ಎಂದ ಮೇಸ್ತ್ರಿ. "ಒಂದು ಗಾಜಿನ ಲೋಟದಲ್ಲಿ ಉಪ್ಪುನೀರು ಬೇಕು. ಜೀವ ಇದ್ದರೆ ಉಪ್ಪು ಮುಟ್ಟಿದ ಕೂಡಲೇ ಬಾಲದ ತುದಿ ಹೊರಗೆ ಚಾಚುತ್ತೆ."

ಗಾಶ್ಪರ್ ಲೋಟಕ್ಕೆ ಕೈ ಚಾಚಿದ. ವಿಂಕಾ ಅವನ ಮಣಿಕಟ್ಟು ಹಿಡಿದಳು. ಅವನು ತಂದರೆ ಏನು ಬೆರೆಸಿ ತರುತ್ತಾನೋ. ಅವಳು ಹೊರಟಳು, ಅವನು ಅಡ್ಡ ನಿಂತ. ಅವಳು ಮೇಲಿನ ಸಿಹಿನೀರನ್ನೇ ತುಂಬಿಕೊಂಡು ಬಂದಾಳು ಎಂಬ ಗುಮಾನಿ ಅವನಿಗೆ. ಕೊನೆಗೆ ಲ್ಯೂಬೊ ಒಂದು ಬಾಟಲಿಗೆ ಕಲ್ಲು ಕಟ್ಟಿ, ಬಿರಡೆಗೆ ದಾರ ಕಟ್ಟಿ ಕೊಟ್ಟ. ಬಾಟಲಿಯ ಹಗ್ಗ ಒಬ್ಬರ ಕೈಯಲ್ಲಿ, ಬಿರಡೆಯ ದಾರ ಇನ್ನೊಬ್ಬರ ಕೈಯಲ್ಲಿ. ಹನ್ನೊಂದು ವರ್ಷದಲ್ಲಿ ಇಬ್ಬರೂ ಬೈದಾಡದೆ ಸೇರಿ ಮಾಡಿದ ಕೆಲಸ ಅದೊಂದೇ. ಎರಡಾಳು ಆಳಕ್ಕೆ ಇಳಿಸಿ, ಬಿರಡೆ ಎಳೆದು, ತುಂಬಿಸಿ ತಂದರು. ಮೇಸ್ತ್ರಿ ನಾಲಿಗೆಗೆ ಹಚ್ಚಿ ನೋಡಿ ತಲೆಯಾಡಿಸಿದ. ಉಪ್ಪು.

ಹುಳವನ್ನು ಲೋಟಕ್ಕೆ ಬಿಟ್ಟ. ಅದು ಸುರುಳಿಯಾಗಿ ತಳಕ್ಕೆ ಹೋಗಿ ಕೂತಿತು. ವಿಂಕಾ ಈಚೆಯಿಂದ ಬಗ್ಗಿದಳು, ಗಾಶ್ಪರ್ ಆಚೆಯಿಂದ ಬಗ್ಗಿದ. ಲೋಟದ ಮೂಲಕ ಅವಳಿಗೆ ಅವನ ಕಣ್ಣು ಕುಂಬಳಕಾಯಷ್ಟು ದೊಡ್ಡದಾಗಿ ಕಂಡಿತು. ಉಸಿರು ತಗುಲಿ ನೀರು ಅಲುಗೀತೆಂದು ಮೇಸ್ತ್ರಿ ಇಬ್ಬರ ಬಾಯಿಗೂ ಅಂಗೈ ಅಡ್ಡ ಹಿಡಿದ. ಝೂತ್ ದ್ವೀಪದ ನಲವತ್ತು ಮರ, ಹೋಟೆಲಿನ ಬಾಗಿಲಿನ ಐಸು, ಎಲ್ಲವೂ ಆ ಶ್ಯಾವಿಗೆ ಎಳೆಯ ತುದಿಯಲ್ಲಿ ನೇತಾಡುತ್ತಿತ್ತು. ಚರ್ಚಿನ ಗಂಟೆ ಒಂದು ಸಲ ಹೊಡೆದು ನಿಂತಿತು. ಆಗ ಇಬ್ಬರೂ ಒಟ್ಟಿಗೆ ತಲೆ ಎತ್ತಿದರು. ಒಬ್ಬರು, ಪೆರಿನಾಳನ್ನು ನಡುವೆ ಕರೆಯದೆ, ನೇರವಾಗಿ ಇನ್ನೊಬ್ಬರ ಮುಖ ನೋಡಿ, "ಕ್ಯಾರೆಟ್ ಕೊಡು," ಎಂದರು.

ನಾನು ಅಲ್ಲೇ ಇದ್ದೆ, ಎರಡು ಹೆಜ್ಜೆ ದೂರದಲ್ಲಿ. ಯಾರು ಕೇಳಿದ್ದು, ಯಾರು ಕೊಟ್ಟಿದ್ದು ಎಂದು ನಾನ್ಯಾಕೆ ಹೇಳಲಿ? ಹುಳದ ಹಟ ಎಷ್ಟೆಂದು ಹೇಳಿದ್ದೇನೆ, ಈ ಇಬ್ಬರ ಹಟವನ್ನೂ ತೋರಿಸಿದ್ದೇನೆ. ಹುಳವೂ ಸೇರಿ ಈ ಮೂವರಲ್ಲಿ ಉಸಿರು ಮೊದಲು ಬಿಟ್ಟವರು ಯಾರು, ನೀವೇ ಹೇಳಿ ನೋಡೋಣ.